ಲಾಗ್ ಹೊರಟಿತು, ತಲುಪಿತೇ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಅಪ್ಲಿಕೇಶನ್ ತನ್ನ ಕೆಲಸದ ದಾಖಲೆಯಾಗಿ ಬರೆಯುವ ಲಾಗ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಬೇರೊಂದು ಸರ್ವರ್‌ಗೆ ಕಳುಹಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಂಕಿಗಳು ಲಿನಕ್ಸ್‌ನ ಮೂಲ ಸೆಟ್ಟಿಂಗ್‌ಗಳವು. ನಿಮ್ಮ ಯಂತ್ರದಲ್ಲಿ ಯಾರಾದರೂ ಬದಲಿಸಿದ್ದರೆ ಬೇರೆ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ವೆಬ್ ಅಪ್ಲಿಕೇಶನ್ ಟಿಸಿಪಿ (ಸ್ವೀಕೃತಿ ಪಡೆಯುತ್ತಾ ಕಳುಹಿಸುವ ನೆಟ್‌ವರ್ಕ್ ವಿಧಾನ) ಮೂಲಕ ನೇರವಾಗಿ ಕೇಂದ್ರ ಲಾಗ್ ಸರ್ವರ್‌ಗೆ ಸಂದೇಶ ಕಳುಹಿಸುತ್ತದೆ. ಆ ಸರ್ವರ್ ಕರೆಂಟ್ ಹೋಗಿ ನಿಂತಾಗ ಅಪ್ಲಿಕೇಶನ್ ಕೂಡ ಹದಿನೈದು ನಿಮಿಷ ಅಲುಗಾಡದೆ ನಿಂತುಬಿಡುತ್ತದೆ. ಸಿಪಿಯು ಬಿಡುವಾಗಿಯೇ ಇದೆ, ಡೇಟಾಬೇಸ್ ಚೆನ್ನಾಗಿದೆ. ಬರೀ ಲಾಗ್ ಬರೆಯುವುದರಿಂದ ಹೀಗಾಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ನೀವು ಹೇಳಿದ ಹದಿನೈದು ನಿಮಿಷದಲ್ಲೇ ಕಾರಣವೂ ಇದೆ.

ನಿಮ್ಮ ಕೋಡ್ ಸಾಕೆಟ್‌ಗೆ, ಅಂದರೆ ನೆಟ್‌ವರ್ಕ್ ಸಂಪರ್ಕದ ತುದಿಗೆ, ಬರೆದ ಬೈಟ್‌ಗಳು ಮೊದಲು ಸೇರುವುದು ಕರ್ನಲ್‌ನ ಸೆಂಡ್ ಬಫರ್‌ಗೆ (ಹೊರಹೋಗುವ ಡೇಟಾ ತಂಗುವ ಜಾಗ). ಅತ್ತಲಿನ ಯಂತ್ರ ಸತ್ತಿದ್ದರೆ ಸ್ವೀಕೃತಿ ಬರುವುದಿಲ್ಲ, ಬಫರ್ ಖಾಲಿಯಾಗುವುದಿಲ್ಲ. ಅದು ತುಂಬಿದ ಮೇಲೆ ಮುಂದಿನ ಸಂದೇಶ ಬರೆಯಲು ಹೋದ ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆಗಳಲ್ಲೊಂದು) ಅಲ್ಲೇ ಕಾಯುತ್ತದೆ. ಲಿನಕ್ಸ್ ಸುಲಭಕ್ಕೆ ಕೈಬಿಡುವುದಿಲ್ಲ. ಸ್ವೀಕೃತಿ ಸಿಗದ ಪ್ಯಾಕೆಟ್ಟನ್ನು ಅಂತರ ಹೆಚ್ಚಿಸುತ್ತಾ 15 ಸಲ ಮತ್ತೆ ಕಳುಹಿಸುತ್ತದೆ, ಆಮೇಲಷ್ಟೇ ಸಂಪರ್ಕ ಮುರಿದಿದೆ ಎಂದು ಅಪ್ಲಿಕೇಶನ್‌ಗೆ ತಿಳಿಸುತ್ತದೆ. ಈ ಮಿತಿಯನ್ನು ಇಡುವ ಕರ್ನಲ್ ಸೆಟ್ಟಿಂಗ್‌ನ ಹೆಸರು ‘ಟಿಸಿಪಿ ರಿಟ್ರೈಸ್ 2’. ಅದರ ಲೆಕ್ಕದಲ್ಲಿ ಕಾಯುವ ಅವಧಿ ಸುಮಾರು 924 ಸೆಕೆಂಡು, ಅಂದರೆ ಹದಿನೈದು ನಿಮಿಷದ ಮೇಲೆ.

ಸರ್ವರ್‌ನಲ್ಲಿ ಲಾಗ್ ಪ್ರೋಗ್ರಾಂ ಮಾತ್ರ ನಿಂತು ಯಂತ್ರ ಚಾಲೂ ಇದ್ದರೆ ಹೀಗಾಗದು. ಅಲ್ಲಿನ ಕರ್ನಲ್ ತಕ್ಷಣ ಸಂಪರ್ಕ ಮುರಿಯುವ ಪ್ಯಾಕೆಟ್ ಕಳುಹಿಸುತ್ತದೆ, ನಿಮಗೆ ಕೂಡಲೇ ಎರರ್ ಸಿಗುತ್ತದೆ. ಇವೆರಡಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿದೆ: ಪ್ರೋಗ್ರಾಂ ಬದುಕಿದೆ, ಆದರೆ ಡಿಸ್ಕ್ ತುಂಬಿ ಸಾಕೆಟ್ ಓದುವುದನ್ನು ಬಿಟ್ಟಿದೆ. ಆಗ ಅತ್ತಲಿನ ಕರ್ನಲ್ ‘ಸದ್ಯ ಜಾಗವಿಲ್ಲ, ತಡೆ’ ಎಂದು ಉತ್ತರಿಸುತ್ತಲೇ ಇರುತ್ತದೆ. ಉತ್ತರ ಬರುತ್ತಿರುವುದರಿಂದ ಆ ಹದಿನೈದು ನಿಮಿಷದ ಗಡುವೂ ಅನ್ವಯಿಸುವುದಿಲ್ಲ, ಅಪ್ಲಿಕೇಶನ್ ಎಷ್ಟು ಹೊತ್ತಾದರೂ ಕಾಯುತ್ತಾ ನಿಲ್ಲಬಹುದು.

ಇನ್ನು ಒಂದೇ ಥ್ರೆಡ್ ಸಿಕ್ಕಿಕೊಂಡರೆ ಇಡೀ ಅಪ್ಲಿಕೇಶನ್ ಏಕೆ ನಿಲ್ಲಬೇಕು? ಸಾಮಾನ್ಯವಾಗಿ ಲಾಗ್ ಹ್ಯಾಂಡ್ಲರ್‌ನೊಳಗೆ (ಸಂದೇಶವನ್ನು ಗುರಿಗೆ ಬರೆಯುವ ಭಾಗ) ಒಂದು ಲಾಕ್ ಇರುತ್ತದೆ, ಒಂದು ಸಲಕ್ಕೆ ಒಂದೇ ಥ್ರೆಡ್ ಅದನ್ನು ಹಿಡಿಯಬಹುದು. ಮೊದಲ ಥ್ರೆಡ್ ಆ ಲಾಕ್ ಹಿಡಿದೇ ಸಾಕೆಟ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಉಳಿದವು ತಮ್ಮ ಮುಂದಿನ ಲಾಗ್ ಸಾಲಿಗೆ ಬಂದು ಒಂದೊಂದಾಗಿ ಅದೇ ಲಾಕ್‌ಗಾಗಿ ಸಾಲು ನಿಲ್ಲುತ್ತವೆ. ಸಿಪಿಯು ಬಿಡುವಾಗಿ ಕಂಡದ್ದು ಅದಕ್ಕೇ.

ಸರಿಪಡಿಸುವುದು ಹೀಗೆ. ಕೆಲಸ ಮಾಡುವ ಥ್ರೆಡ್ ಯಾವತ್ತೂ ನೆಟ್‌ವರ್ಕ್ ಮುಟ್ಟಬಾರದು. ಸಂದೇಶವನ್ನು ಮೆಮೊರಿಯ ಕ್ಯೂಗೆ (ಸರದಿ ಸಾಲಿಗೆ) ಹಾಕಿ ಮುಂದಕ್ಕೆ ಹೋಗಬೇಕು, ಕಳುಹಿಸುವ ಕೆಲಸ ಇನ್ನೊಂದು ಥ್ರೆಡ್‌ನದು. ಪೈಥಾನ್‌ನಲ್ಲಿ ಇದಕ್ಕೆ ಕ್ಯೂಹ್ಯಾಂಡ್ಲರ್ ಮತ್ತು ಕ್ಯೂಲಿಸನರ್ ಎಂಬ ಜೋಡಿ 3.2ನೇ ಆವೃತ್ತಿಯಿಂದಲೇ ಇದೆ. ಕ್ಯೂಗೆ ಮಿತಿ ಇಡಲು ಮರೆಯಬೇಡಿ. ಮಿತಿಯಿಲ್ಲದ ಕ್ಯೂ ಇಟ್ಟರೆ ಲಾಗ್ ಸರ್ವರ್ ಇಲ್ಲದ ಹೊತ್ತಿನಲ್ಲಿ ಮೆಮೊರಿ ತುಂಬಿ, ಆಗ ನಿಂತುಹೋಗುತ್ತಿದ್ದ ಪ್ರಾಸೆಸ್ ಈಗ ಸಾಯುತ್ತದೆ. 10,000 ಸಂದೇಶ, ತಲಾ 1 ಕೆಬಿ ಎಂದು ಹಿಡಿದರೂ 10 ಎಂಬಿ ಆಸುಪಾಸು. ಅಲ್ಲಿಂದ ಶುರು ಮಾಡಬಹುದು.

ಕ್ಯೂ ತುಂಬಿದಾಗ ಏನಾಗಬೇಕು ಎಂಬುದನ್ನು ನೀವೇ ನಿರ್ಧರಿಸಬೇಕು. ಲೈಬ್ರರಿಗೆ ಬಿಟ್ಟರೆ ಅದು ತನ್ನಷ್ಟಕ್ಕೆ ಒಂದು ನಿರ್ಧಾರ ಮಾಡಿರುತ್ತದೆ. ಜಾವಾದ ಲಾಗ್‌ಬ್ಯಾಕ್‌ನಲ್ಲಿರುವ ಅಸಿಂಕ್‌ಅಪೆಂಡರ್ ನೋಡಿ. ಅದರ ಕ್ಯೂ 256 ಸಂದೇಶದ್ದು. ಶೇ 20ರಷ್ಟು ಜಾಗ ಮಾತ್ರ ಉಳಿದಾಗ ಟ್ರೇಸ್, ಡೀಬಗ್, ಇನ್ಫೋ ಎಂಬ ಕಡಿಮೆ ಗಂಭೀರ ಮಟ್ಟದ ಸಂದೇಶಗಳನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ಪೂರ್ತಿ ತುಂಬಿದರೆ, ‘ನೆವರ್‌ಬ್ಲಾಕ್’ ಎಂಬ ಸೆಟ್ಟಿಂಗ್ ಹಾಕದಿದ್ದಲ್ಲಿ, ಮತ್ತೆ ನಿಮ್ಮ ಥ್ರೆಡ್ಡನ್ನೇ ನಿಲ್ಲಿಸುತ್ತದೆ. ನಮ್ಮ ಸಲಹೆ: ಬಿಸಾಡಲಿ, ಆದರೆ ಎಷ್ಟು ಬಿಸಾಡಿದೆ ಎಂಬ ಎಣಿಕೆ ಇರಲಿ. ಸಂಪರ್ಕ ಮರಳಿದ ಮೇಲೆ ‘ಇಷ್ಟು ಸಂದೇಶ ಕೈಬಿಟ್ಟಿದೆ’ ಎಂಬ ಒಂದು ಸಾಲು ಮೊದಲು ಹೋಗಲಿ. ಗೊತ್ತಿಲ್ಲದೆ ಕಳೆದುಹೋದ ಲಾಗ್ ತನಿಖೆ ಮಾಡುವವರನ್ನು ದಾರಿ ತಪ್ಪಿಸುತ್ತದೆ. ಕಳೆದದ್ದು ಎಷ್ಟೆಂದು ಗೊತ್ತಿದ್ದರೆ ಅವರು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ.

ಇದಕ್ಕಿಂತ ಗಟ್ಟಿಯಾದ ದಾರಿಯೆಂದರೆ ಅಪ್ಲಿಕೇಶನ್ ತನ್ನದೇ ಯಂತ್ರದ ಫೈಲ್‌ಗೋ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೋ ಬರೆಯುವುದು, ನೆಟ್‌ವರ್ಕ್‌ನ ತಲೆನೋವನ್ನು ಆರ್‌ಸಿಸ್‌ಲಾಗ್, ಫ್ಲೂಯೆಂಟ್ ಬಿಟ್‌ನಂತಹ ಏಜೆಂಟ್‌ಗೆ (ಲಾಗ್ ಎತ್ತಿ ಸಾಗಿಸುವ ಪ್ರತ್ಯೇಕ ಪ್ರೋಗ್ರಾಂ) ಬಿಡುವುದು. ಮರುಸಂಪರ್ಕ, ಡಿಸ್ಕ್ ಕ್ಯೂ, ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಎಲ್ಲವನ್ನೂ ಪ್ರತಿ ಭಾಷೆಯ ಲೈಬ್ರರಿಯಲ್ಲೂ ಮತ್ತೆ ಮತ್ತೆ ಸರಿಮಾಡುವ ಗೋಜು ಇರುವುದಿಲ್ಲ. ಹೊಸದಾಗಿ ಕಟ್ಟುವವರು ಇಲ್ಲಿಂದಲೇ ಆರಂಭಿಸಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಸ್ವೀಕೃತಿಗೆ ಕಾಯದ ಯುಡಿಪಿ ವಿಧಾನದಲ್ಲಿ ಸಂದೇಶ ಕಳೆಯುತ್ತದೆ, ಟಿಸಿಪಿಯಲ್ಲಿ ಕಳೆಯುವುದಿಲ್ಲ ಎಂದು ಕೇಳಿ ಟಿಸಿಪಿಗೆ ಬದಲಿಸಿದೆವು. ಈಗಲೂ ಆಗಾಗ ಕೆಲವು ಸಾಲು ಕಾಣೆಯಾಗುತ್ತವೆ. ಎಲ್ಲಿ ಹುಡುಕಬೇಕು?

ಉತ್ತರ: ಯುಡಿಪಿ ಬಗ್ಗೆ ನೀವು ಕೇಳಿದ್ದು ನಿಜ, ಆದರೆ ತಂತಿಯಲ್ಲಿ ಕಳೆಯುವುದಕ್ಕಿಂತ ಸ್ವೀಕರಿಸುವ ಯಂತ್ರದೊಳಗೆ ಕಳೆಯುವುದೇ ಹೆಚ್ಚು. ಬಂದ ಪ್ಯಾಕೆಟ್‌ಗಳು ಕಾಯುವ ರಿಸೀವ್ ಬಫರ್ 2,12,992 ಬೈಟ್‌ನದು. ಕರ್ನಲ್ ಪ್ರತಿ ಪ್ಯಾಕೆಟ್‌ಗೂ ತನ್ನ ಲೆಕ್ಕಪತ್ರದ ಜಾಗವನ್ನೂ ಸೇರಿಸಿ ಎಣಿಸುವುದರಿಂದ ಚಿಕ್ಕ ಸಂದೇಶಗಳಾದರೂ ಕೆಲವು ನೂರಷ್ಟೇ ಹಿಡಿಯುತ್ತವೆ. ಲಾಗ್ ಪ್ರೋಗ್ರಾಂ ಡಿಸ್ಕ್‌ಗೆ ಬರೆಯುತ್ತಾ ಅರೆಕ್ಷಣ ತಡವರಿಸಿದರೂ ಉಳಿದದ್ದು ನೆಲಕ್ಕೆ. ‘ನೆಟ್‌ಸ್ಟಾಟ್’ ಕಮಾಂಡನ್ನು ‘ಎಸ್’ ಮತ್ತು ‘ಯು’ ಆಯ್ಕೆಗಳೊಂದಿಗೆ ಓಡಿಸಿ, ಯುಡಿಪಿ ವಿಭಾಗದಲ್ಲಿ ರಿಸೀವ್ ಬಫರ್ ಎರರ್ ಎಂಬ ಸಂಖ್ಯೆ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಬಫರನ್ನು 8 ಅಥವಾ 16 ಎಂಬಿಗೆ ಹೆಚ್ಚಿಸಬೇಕು. ಕರ್ನಲ್‌ನ ಗರಿಷ್ಠ ಮಿತಿಯನ್ನೂ ಲಾಗ್ ಪ್ರೋಗ್ರಾಂ ಕೇಳುವ ಗಾತ್ರವನ್ನೂ ಎರಡೂ ಕಡೆ ಬದಲಿಸದಿದ್ದರೆ ಪ್ರಯೋಜನವಿಲ್ಲ.

ಗಾತ್ರದ ಸಂಗತಿಯೂ ಇದೆ. ಸಾಮಾನ್ಯ ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1,500 ಬೈಟ್. ಐಪಿ ಮತ್ತು ಯುಡಿಪಿ ತಲೆಬರಹ ಕಳೆದು ಐಪಿವಿ4ನಲ್ಲಿ 1,472 ಬೈಟ್ ನಿಮ್ಮ ಪಾಲಿಗೆ. ಸಂದೇಶ ಅದನ್ನು ಮೀರಿದರೆ ತುಂಡಾಗುತ್ತದೆ, ಒಂದು ತುಂಡು ಕಳೆದರೂ ಇಡೀ ಸಂದೇಶ ಹೋಯಿತು. ಗ್ರೇಲಾಗ್ ಎಂಬ ಲಾಗ್ ಸರ್ವರ್ ಬಳಸುವ ಗೆಲ್ಫ್ ಮಾದರಿ ದೊಡ್ಡ ಸಂದೇಶವನ್ನು ತಾನೇ ತುಂಡು ಮಾಡಿ ಕಳುಹಿಸುತ್ತದೆ, ಗರಿಷ್ಠ 128 ತುಂಡು. ಎಲ್ಲವೂ 5 ಸೆಕೆಂಡಿನೊಳಗೆ ತಲುಪದಿದ್ದರೆ ಬಂದವನ್ನೂ ಸರ್ವರ್ ಬಿಸಾಡುತ್ತದೆ.

ಈಗ ಟಿಸಿಪಿಗೆ ಬರೋಣ. ಸಾಕೆಟ್‌ಗೆ ಬರೆದದ್ದು ಯಶಸ್ವಿ ಎಂದು ಬಂದರೆ ಅರ್ಥ ಇಷ್ಟೇ: ಬೈಟ್‌ಗಳು ನಿಮ್ಮದೇ ಕರ್ನಲ್‌ನ ಬಫರ್ ಸೇರಿವೆ. ಅಂಚೆ ಡಬ್ಬಿಗೆ ಹಾಕಿದ ಕಾಗದ ವಿಳಾಸದಾರರ ಕೈ ಸೇರಿತು ಎನ್ನಲಾಗದಲ್ಲ, ಹಾಗೆ. ಅಷ್ಟರಲ್ಲಿ ಸಂಪರ್ಕ ಮುರಿದರೆ ಆ ಬಫರ್‌ನಲ್ಲಿದ್ದುದೆಲ್ಲ ಹೋಗುತ್ತದೆ, ಯಾವ ಸಂದೇಶದವರೆಗೆ ತಲುಪಿತ್ತು ಎಂದು ಅಪ್ಲಿಕೇಶನ್‌ಗೆ ತಿಳಿಯಲು ದಾರಿಯಿಲ್ಲ. ಅತ್ತಲಿನ ಕರ್ನಲ್ ಸ್ವೀಕೃತಿ ಕೊಟ್ಟ ಮೇಲೂ ಲಾಗ್ ಪ್ರೋಗ್ರಾಂ ಅದನ್ನು ಓದುವ ಮೊದಲೇ ಸತ್ತರೆ ಅಲ್ಲೂ ನಷ್ಟ. ಹೀಗಾಗಿ ಸರ್ವರ್ ರೀಸ್ಟಾರ್ಟ್ ಆದ ಸಮಯಗಳ ಪಕ್ಕದಲ್ಲೇ ನಿಮ್ಮ ಕಾಣೆಯಾದ ಸಾಲುಗಳನ್ನು ಹುಡುಕಿ, ಬಹುಪಾಲು ಅಲ್ಲೇ ಸಿಗುತ್ತವೆ.

ಇದಕ್ಕೆ ಪರಿಹಾರ ಅಪ್ಲಿಕೇಶನ್ ಮಟ್ಟದ ಸ್ವೀಕೃತಿ. ಆರ್‌ಸಿಸ್‌ಲಾಗ್‌ನಲ್ಲಿ ರೆಲ್ಪ್ ಎಂಬ ಪ್ರೋಟೋಕಾಲ್ ಇದೆ, ಫ್ಲೂಯೆಂಟ್‌ಡಿ ಎಂಬ ಏಜೆಂಟ್‌ನ ಫಾರ್ವರ್ಡ್ ವಿಧಾನದಲ್ಲಿ ಸ್ವೀಕೃತಿ ಕೇಳುವ ಆಯ್ಕೆಯಿದೆ, ಅದು ತಾನಾಗಿ ಆನ್ ಆಗಿರುವುದಿಲ್ಲ. ಎಲ್ಲದರಲ್ಲೂ ಕ್ರಮ ಒಂದೇ. ‘ಈ ಸಂಖ್ಯೆಯ ಸಂದೇಶ ನನಗೆ ಬಂತು’ ಎಂದು ಅತ್ತಲಿನ ಪ್ರೋಗ್ರಾಂ ಹೇಳುವ ತನಕ ಕಳುಹಿಸುವವರು ಪ್ರತಿಯನ್ನು ಇಟ್ಟುಕೊಂಡಿರುತ್ತಾರೆ. ಸ್ವೀಕೃತಿಯೇ ದಾರಿಯಲ್ಲಿ ಕಳೆದರೆ ಅದೇ ಸಂದೇಶ ಎರಡು ಸಲ ಬರುತ್ತದೆ. ಅದನ್ನು ಒಪ್ಪಿಕೊಂಡು, ಪ್ರತಿ ಸಂದೇಶಕ್ಕೂ ಒಂದು ವಿಶಿಷ್ಟ ಗುರುತು ಹಾಕಿ, ಸ್ವೀಕರಿಸುವ ಕಡೆ ನಕಲು ತೆಗೆಯಿರಿ.

ಇನ್ನೆರಡು ಜಾಗ ನೋಡುವುದು ಬಿಡಬೇಡಿ. ಪೈಥಾನ್‌ನ ಸಾಕೆಟ್‌ಹ್ಯಾಂಡ್ಲರ್ ಸಂಪರ್ಕ ತಪ್ಪಿದಾಗ 1 ಸೆಕೆಂಡಿನಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತಾ 30 ಸೆಕೆಂಡಿನವರೆಗೆ ಅಂತರ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ನಡುವಿನ ಸಂದೇಶಗಳನ್ನು ಏನೂ ಹೇಳದೆ ಬಿಡುತ್ತದೆ. ಮತ್ತೊಂದು, ಸಿಸ್ಟಮ್‌ಡಿಯ ಜರ್ನಲ್, ಅಂದರೆ ಲಿನಕ್ಸ್ ಯಂತ್ರದಲ್ಲಿ ಸೇವೆಗಳ ಲಾಗ್ ಸಂಗ್ರಹಿಸುವ ಪ್ರೋಗ್ರಾಂ. ಒಂದೇ ಸೇವೆ 30 ಸೆಕೆಂಡಿನಲ್ಲಿ 10,000 ಸಾಲಿನ ಮಿತಿ ದಾಟಿದರೆ ಉಳಿದದ್ದನ್ನು ಅದು ತಡೆಯುತ್ತದೆ, ನೆಟ್‌ವರ್ಕ್‌ನ ಹತ್ತಿರವೂ ಹೋಗುವ ಮೊದಲೇ. ದೋಷ ಸ್ಫೋಟಿಸಿದ ಹೊತ್ತಿನಲ್ಲೇ, ಅಂದರೆ ಲಾಗ್ ಅತಿ ಮುಖ್ಯವಾದ ಹೊತ್ತಿನಲ್ಲೇ, ಈ ಮಿತಿ ತಾಗುತ್ತದೆ.

ಪ್ರಶ್ನೆ: ಪೈಥಾನ್‌ನ ಸಿಸ್‌ಲಾಗ್‌ಹ್ಯಾಂಡ್ಲರ್ (ಸಿಸ್‌ಲಾಗ್ ಎಂಬ ಲಾಗ್ ಮಾದರಿಯಲ್ಲಿ ಕಳುಹಿಸುವ ಭಾಗ) ಅನ್ನು ಯುಡಿಪಿಯಿಂದ ಟಿಸಿಪಿಗೆ ಬದಲಿಸಿದ ಮೇಲೆ ಹಲವು ಸಂದೇಶಗಳು ಅಂಟಿಕೊಂಡು ಒಂದೇ ಸಾಲಾಗಿ ಬರುತ್ತಿವೆ. ಎಕ್ಸೆಪ್ಶನ್ (ಪ್ರೋಗ್ರಾಂ ದೋಷ) ಬಂದಾಗ ಇದಕ್ಕೆ ವಿರುದ್ಧ, ಒಂದೇ ಸಂದೇಶ ನಲವತ್ತು ಸಾಲಾಗಿ ಚೂರಾಗುತ್ತದೆ.

ಉತ್ತರ: ಎರಡೂ ಒಂದೇ ಕಾಯಿಲೆ. ಯುಡಿಪಿಯಲ್ಲಿ ಒಂದು ಪ್ಯಾಕೆಟ್ ಎಂದರೆ ಒಂದು ಸಂದೇಶ, ಗಡಿ ತಾನಾಗಿಯೇ ಇರುತ್ತದೆ. ಟಿಸಿಪಿ ಬರೀ ಬೈಟ್‌ಗಳ ಹೊಳೆ. ಸಂದೇಶ ಎಲ್ಲಿ ಮುಗಿಯಿತು ಎಂದು ನೀವೇ ಗುರುತು ಹಾಕಬೇಕು. ಇಂಟರ್ನೆಟ್ ಪದ್ಧತಿಗಳ ದಾಖಲೆಯಾದ ಆರ್‌ಎಫ್‌ಸಿ 6587 ಇದಕ್ಕೆ ಎರಡು ಪದ್ಧತಿಗಳನ್ನು ವಿವರಿಸುತ್ತದೆ: ಕೊನೆಯಲ್ಲಿ ಹೊಸಸಾಲಿನ ಅಕ್ಷರ ಹಾಕುವುದು, ಇಲ್ಲವೇ ಸಂದೇಶದ ಮುಂದೆ ಅದರ ಬೈಟ್ ಉದ್ದವನ್ನು ಬರೆಯುವುದು.

ಸಿಸ್‌ಲಾಗ್‌ಹ್ಯಾಂಡ್ಲರ್ ಕೊನೆಯಲ್ಲಿ ಶೂನ್ಯ ಬೈಟ್ ಹಾಕುತ್ತದೆ. ಸ್ವೀಕರಿಸುವವರು ಹೊಸಸಾಲಿಗೆ ಕಾಯುತ್ತಿರುತ್ತಾರೆ. ಅಂಟಿಕೊಂಡದ್ದು ಹಾಗೆ. ‘ಅಪೆಂಡ್ ನಲ್’ ಎಂಬ ಗುಣವನ್ನು ಫಾಲ್ಸ್ ಮಾಡಿ, ಫಾರ್ಮ್ಯಾಟ್‌ನ ಕೊನೆಗೆ ಹೊಸಸಾಲು ಸೇರಿಸಿ. ಮೊದಲ ತೊಂದರೆ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ, ಏಕೆಂದರೆ ಸ್ಟ್ಯಾಕ್ ಟ್ರೇಸ್‌ನೊಳಗೇ (ದೋಷ ಕೋಡ್‌ನಲ್ಲಿ ಎಲ್ಲಿ ಹುಟ್ಟಿತು ಎಂಬ ಪಟ್ಟಿ) ಹೊಸಸಾಲುಗಳಿವೆ. ಸಂದೇಶವನ್ನು ಜೇಸನ್ ಎಂಬ ಪಠ್ಯ ಮಾದರಿಗೆ ಬದಲಿಸಿ ಕಳುಹಿಸಿದರೆ ಒಳಗಿನ ಹೊಸಸಾಲು ಹಿಂದಿನ ಓರೆಗೆರೆ ಮತ್ತು ‘ಎನ್’ ಎಂಬ ಎರಡು ಅಕ್ಷರವಾಗಿ ಬದಲಾಗುತ್ತದೆ, ಇಡೀ ಟ್ರೇಸ್ ಒಂದೇ ಸಾಲಿನಲ್ಲಿ ಹೋಗುತ್ತದೆ. ಅಲ್ಲಿ ಬಿಡಿಸಿ ಓದಬಹುದು.

ಉದ್ದ ಬರೆಯುವ ಪದ್ಧತಿ ಇನ್ನೂ ಗಟ್ಟಿ, ಆದರೆ ಎಣಿಸಬೇಕಾದ್ದು ಬೈಟನ್ನು, ಅಕ್ಷರವನ್ನಲ್ಲ. ಇಂಗ್ಲಿಷ್ ಲಾಗ್‌ನಲ್ಲಿ ಎರಡೂ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ತಪ್ಪು ಕಾಣುವುದಿಲ್ಲ. ‘ಹಣ ಪಾವತಿ ವಿಫಲ’ ಎಂಬುದನ್ನು ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಸ್ಟ್ರಿಂಗ್‌ನ ಉದ್ದ ಕೇಳಿದರೆ 13 ಎನ್ನುತ್ತದೆ: ಗುಣಿತದ ಚಿಹ್ನೆಗಳನ್ನೂ ಸೇರಿಸಿ 11 ಕನ್ನಡ ಕೋಡ್, 2 ಖಾಲಿಜಾಗ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಕೋಡ್‌ಗೆ 3 ಬೈಟ್, ಹಾಗಾಗಿ ತಂತಿಯ ಮೇಲೆ ಹೋಗುವುದು 35 ಬೈಟ್. ನೀವು 13 ಎಂದು ಬರೆದರೆ ಸ್ವೀಕರಿಸುವವರು 13 ಬೈಟ್ ಓದಿ, ಉಳಿದ 22ನ್ನು ಮುಂದಿನ ಸಂದೇಶದ ಉದ್ದವೆಂದು ಓದಲು ಹೋಗಿ, ಅಲ್ಲಿಂದ ಮುಂದಿನದೆಲ್ಲ ಕಲಸಿಹೋಗುತ್ತದೆ. ಮೊದಲು ಎನ್‌ಕೋಡ್ ಮಾಡಿ, ಆಮೇಲೆ ಉದ್ದ ಅಳೆಯಿರಿ.

ಉದ್ದದ ಮಿತಿಯೂ ಬೈಟಿನದೇ. 2001ರ ಆರ್‌ಎಫ್‌ಸಿ 3164 ಪ್ರಕಾರ ಇಡೀ ಪ್ಯಾಕೆಟ್ 1,024 ಬೈಟ್ ಮೀರಬಾರದು. 2009ರ ಆರ್‌ಎಫ್‌ಸಿ 5424 ಸ್ವೀಕರಿಸುವವರು 480 ಬೈಟ್ ಒಪ್ಪಲೇಬೇಕು, 2,048 ಒಪ್ಪಿದರೆ ಒಳ್ಳೆಯದು ಎನ್ನುತ್ತದೆ. ಆರ್‌ಸಿಸ್‌ಲಾಗ್ ತಾನಾಗಿ 8 ಕೆಬಿಯಷ್ಟು ಒಪ್ಪುತ್ತದೆ. ಉದ್ದನೆಯ ಸ್ಟ್ಯಾಕ್ ಟ್ರೇಸ್ ಇದನ್ನು ಸುಲಭವಾಗಿ ದಾಟಬಹುದು. ‘ಮ್ಯಾಕ್ಸ್ ಮೆಸೇಜ್ ಸೈಜ್’ ಅನ್ನು 64 ಕೆಬಿಗೆ ಏರಿಸಿ, ಕಳುಹಿಸುವ ಮತ್ತು ಸ್ವೀಕರಿಸುವ ಎರಡೂ ಯಂತ್ರಗಳಲ್ಲಿ.

ಪ್ರಶ್ನೆ: ಸಂದೇಶದ ಮುಂದೆ ಕೋನದ ಕಂಸದೊಳಗೆ 131, 134 ಎಂಬ ಸಂಖ್ಯೆ ಬರುತ್ತದೆ. ಏನದು?

ಉತ್ತರ: ಆದ್ಯತೆ. ಫೆಸಿಲಿಟಿಯ (ಸಂದೇಶ ಯಾವ ಬಗೆಯ ಪ್ರೋಗ್ರಾಂನದು ಎಂಬ ವಿಭಾಗ) ಸಂಖ್ಯೆಯನ್ನು 8ರಿಂದ ಗುಣಿಸಿ ತೀವ್ರತೆಯ ಸಂಖ್ಯೆ ಕೂಡಿಸಿದ್ದು. ಅಪ್ಲಿಕೇಶನ್‌ಗಳಿಗೆಂದು ಬಿಟ್ಟಿರುವ ಲೋಕಲ್0 ಫೆಸಿಲಿಟಿ 16, ಅದನ್ನು 8ರಿಂದ ಗುಣಿಸಿದರೆ 128. ಎರರ್ ತೀವ್ರತೆ 3, ಇನ್ಫೋ 6. ಹಾಗಾಗಿ 131 ಮತ್ತು 134. ತೀವ್ರತೆ 0 ಎಂದರೆ ಅತಿ ಗಂಭೀರ, 7 ಎಂದರೆ ಡೀಬಗ್.

ಪ್ರಶ್ನೆ: ನಾಲ್ಕು ಸರ್ವರ್‌ಗಳ ಲಾಗ್ ಒಂದೆಡೆ ಸೇರಿಸಿದರೆ ಉತ್ತರ ಮೊದಲು, ವಿನಂತಿ ಆಮೇಲೆ ಬಂದಂತೆ ಕಾಣುತ್ತದೆ. ಸಮಯದ ಪ್ರಕಾರ ಜೋಡಿಸಿದರೂ ಇದೇ ಕಥೆ.

ಉತ್ತರ: ಹಳೆಯ ಸಿಸ್‌ಲಾಗ್ ಮಾದರಿಯ ಸಮಯದಲ್ಲಿ ವರ್ಷವಿಲ್ಲ, ಸಮಯವಲಯವಿಲ್ಲ, ಸೆಕೆಂಡಿನ ಭಾಗವೂ ಇಲ್ಲ. ಒಂದೇ ಸೆಕೆಂಡಿನಲ್ಲಿ ನಡೆದ ಐವತ್ತು ಘಟನೆಗಳಿಗೆ ಕ್ರಮವೇ ಉಳಿಯುವುದಿಲ್ಲ. ಆರ್‌ಎಫ್‌ಸಿ 5424ರ ಮಾದರಿಗೆ ಬದಲಿಸಿ, ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯ) ಮಿಲಿಸೆಕೆಂಡ್ ಸಹಿತ ಅಪ್ಲಿಕೇಶನ್ನೇ ಬರೆಯಲಿ. ನಾಲ್ಕೂ ಯಂತ್ರಗಳಲ್ಲಿ ಗಡಿಯಾರ ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಂ ಓಡುತ್ತಿರಲಿ. ಅದರ ‘ಟ್ರ್ಯಾಕಿಂಗ್’ ಕಮಾಂಡ್ ಗಡಿಯಾರ ಎಷ್ಟು ಆಚೀಚೆ ಇದೆ ಎಂದು ತೋರಿಸುತ್ತದೆ. ಸ್ವೀಕರಿಸಿದ ಸಮಯವನ್ನೂ ಪ್ರತ್ಯೇಕ ಫೀಲ್ಡ್ ಆಗಿ ಉಳಿಸಿ. ಎರಡರ ಅಂತರ ಒಂದು ಸರ್ವರ್‌ನದು ಮಾತ್ರ ಸದಾ ಒಂದೇ ಅಳತೆಯಲ್ಲಿ ಹೆಚ್ಚಿದ್ದರೆ ಗಡಿಯಾರದ ದೋಷ, ಏರಿಳಿಯುತ್ತಿದ್ದರೆ ಎಲ್ಲೋ ಕ್ಯೂ ಕಟ್ಟುತ್ತಿದೆ. ಇಷ್ಟಾದರೂ ಯಂತ್ರಗಳ ನಡುವೆ ಕೆಲವು ಮಿಲಿಸೆಕೆಂಡ್ ವ್ಯತ್ಯಾಸ ಉಳಿದೇ ಉಳಿಯುತ್ತದೆ. ವಿನಂತಿಗೆ ಒಂದು ಗುರುತು ಕೊಟ್ಟು ಎಲ್ಲ ಸಾಲುಗಳಲ್ಲೂ ಅದನ್ನು ಬರೆದರೆ ಯಾವುದು ಯಾವುದರ ಹಿಂದಿತ್ತು ಎಂದು ಜೋಡಿಸಬಹುದು.

ಪ್ರಶ್ನೆ: 40 ಸರ್ವರ್‌ಗಳಿವೆ, ಪ್ರತಿಯೊಂದೂ ಸೆಕೆಂಡಿಗೆ 50 ಸಂದೇಶ, ಒಂದೊಂದೂ ಸರಾಸರಿ 600 ಬೈಟ್. ಕೇಂದ್ರ ಸರ್ವರ್ 12 ಗಂಟೆ ಇಲ್ಲದಿದ್ದರೂ ಏನೂ ಕಳೆಯಬಾರದು. ಆರ್‌ಸಿಸ್‌ಲಾಗ್‌ನಲ್ಲಿ ಏನು ಹಾಕಬೇಕು, ಎಷ್ಟು ಡಿಸ್ಕ್ ಬೇಕು?

ಉತ್ತರ: ಒಂದು ಸರ್ವರ್‌ನಿಂದ ಸೆಕೆಂಡಿಗೆ 30,000 ಬೈಟ್. 12 ಗಂಟೆ ಎಂದರೆ 43,200 ಸೆಕೆಂಡು, ಗುಣಿಸಿದರೆ ಸುಮಾರು 1.3 ಜಿಬಿ. ಕ್ಯೂ ಫೈಲ್‌ನಲ್ಲಿ ಪ್ರತಿ ಸಂದೇಶಕ್ಕೂ ಒಂದಷ್ಟು ಹೆಚ್ಚುವರಿ ಮಾಹಿತಿ ಸೇರುತ್ತದೆ, ದೋಷದ ದಿನ ಲಾಗ್ ಹೆಚ್ಚೇ ಬರುತ್ತದೆ. ಆದ್ದರಿಂದ ಪ್ರತಿ ಸರ್ವರ್‌ನಲ್ಲಿ 4 ಜಿಬಿ ಬಿಡಿ, ಸಾಧ್ಯವಾದರೆ ಪ್ರತ್ಯೇಕ ಪಾರ್ಟಿಶನ್‌ನಲ್ಲಿ.

ಕಳುಹಿಸುವ ಆಕ್ಷನ್‌ಗೆ (ಸಂದೇಶವನ್ನು ಏನು ಮಾಡಬೇಕೆಂಬ ಆರ್‌ಸಿಸ್‌ಲಾಗ್ ನಿಯಮ) ತನ್ನದೇ ಕ್ಯೂ ಇರಬೇಕು, ಇದೇ ಎಲ್ಲಕ್ಕಿಂತ ಮುಖ್ಯ. ಇಲ್ಲದಿದ್ದರೆ ಗುರಿ ಸಿಗದಾಗ ಆರ್‌ಸಿಸ್‌ಲಾಗ್‌ನ ಮುಖ್ಯ ಕ್ಯೂ ತುಂಬಿ, ಆ ಯಂತ್ರದ ಸ್ಥಳೀಯ ಲಾಗ್‌ಗಳೂ ತೆವಳತೊಡಗುತ್ತವೆ. ಕ್ಯೂ ಟೈಪ್ ‘ಲಿಂಕ್ಡ್‌ಲಿಸ್ಟ್’ ಇರಲಿ. ಕ್ಯೂ ಫೈಲ್‌ನೇಮ್‌ಗೆ ಒಂದು ಹೆಸರು ಕೊಡಿ, ಹೆಸರು ಕೊಡದಿದ್ದರೆ ಕ್ಯೂ ಮೆಮೊರಿಯಲ್ಲಷ್ಟೇ ಇರುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ‘ಮ್ಯಾಕ್ಸ್ ಡಿಸ್ಕ್ ಸ್ಪೇಸ್’ 4 ಜಿಬಿ. ‘ಸೇವ್ ಆನ್ ಶಟ್‌ಡೌನ್’ ಆನ್, ಇಲ್ಲದಿದ್ದರೆ ಏಜೆಂಟ್ ರೀಸ್ಟಾರ್ಟ್ ಆದಾಗ ಮೆಮೊರಿಯಲ್ಲಿದ್ದದ್ದು ಹೋಗುತ್ತದೆ. ‘ರಿಸ್ಯೂಮ್ ರಿಟ್ರೈ ಕೌಂಟ್’ ಮೈನಸ್ 1. ಈ ಕೊನೆಯದು ತಾನಾಗಿ 0 ಇರುತ್ತದೆ, ಅಂದರೆ ಒಮ್ಮೆ ವಿಫಲವಾದರೆ ಸಂದೇಶ ಕೈಬಿಡು ಎಂದು. ಡಿಸ್ಕ್ ಕ್ಯೂ ಎಲ್ಲ ಸರಿಯಾಗಿ ಬರೆದು ಈ ಒಂದನ್ನು ಬಿಟ್ಟು, ಲಾಗ್ ಏಕೆ ಉಳಿಯಲಿಲ್ಲ ಎಂದು ಹುಡುಕುವುದು ತೀರಾ ಸಾಮಾನ್ಯ.

ನೀವು ಕೇಳದ ಒಂದು ಲೆಕ್ಕವನ್ನೂ ಮಾಡಿಬಿಡೋಣ. 12 ಗಂಟೆಯ ಬಳಿಕ ಕೇಂದ್ರ ಸರ್ವರ್ ಎದ್ದಾಗ 40 ಕಡೆ ಸೇರಿ ಸುಮಾರು 52 ಜಿಬಿ ಬಾಕಿ ಇರುತ್ತದೆ. ಅದು ಸೆಕೆಂಡಿಗೆ 5 ಎಂಬಿ ನುಂಗಬಲ್ಲದು ಎಂದಿಟ್ಟುಕೊಳ್ಳಿ. ಹೊಸ ಲಾಗ್ ಸೆಕೆಂಡಿಗೆ 1.2 ಎಂಬಿ ಬರುತ್ತಲೇ ಇದೆ, ಹಳೆಯದಕ್ಕೆ ಉಳಿಯುವುದು 3.8 ಎಂಬಿ. ಬಾಕಿ ತೀರಲು 3 ಗಂಟೆ 47 ನಿಮಿಷದಷ್ಟು ಬೇಕು. ಸರ್ವರ್‌ನ ಸಾಮರ್ಥ್ಯವನ್ನು ಸಾಮಾನ್ಯ ದಿನದ ಅಳತೆಗೆ ಕೊಂಡಿದ್ದರೆ ಈ ಬಾಕಿ ಎಂದೂ ತೀರುವುದಿಲ್ಲ. ಮರುಸಂಪರ್ಕದ ಅಂತರದಲ್ಲಿ ಸ್ವಲ್ಪ ಯಾದೃಚ್ಛಿಕತೆ ಇರಲಿ, ನಲವತ್ತೂ ಒಂದೇ ಕ್ಷಣದಲ್ಲಿ ಮುಗಿಬೀಳದ ಹಾಗೆ.

ಪ್ರಶ್ನೆ: ಲಾಗ್ ಸರ್ವರ್ ಬೇರೆ ನೆಟ್‌ವರ್ಕ್‌ನಲ್ಲಿದೆ, ಸಂದೇಶಗಳು ಇಂಟರ್ನೆಟ್ ದಾಟಿ ಹೋಗಬೇಕು. ಟಿಎಲ್‌ಎಸ್ ಹಾಕಿದರೆ ಸಾಕೇ?

ಉತ್ತರ: ಬೇಕೇ ಬೇಕು, ಸಾಲದು. ಸಿಸ್‌ಲಾಗ್‌ನ ಟಿಎಲ್‌ಎಸ್ ರೂಪಕ್ಕೆ ಆರ್‌ಎಫ್‌ಸಿ 5425 ಇದೆ, ಪೋರ್ಟ್ 6514. ಆರ್‌ಸಿಸ್‌ಲಾಗ್‌ನಲ್ಲಿ ಗುರುತು ಪರಿಶೀಲನೆಯ ಮೋಡ್ ‘ಅನಾನ್’ ಎಂದಿಟ್ಟರೆ ಗೂಢಲಿಪೀಕರಣ ಆಗುತ್ತದೆ, ಆದರೆ ಎದುರಿಗಿರುವವರು ಯಾರೆಂದು ನೋಡುವುದಿಲ್ಲ. ‘ಎಕ್ಸ್509 ನೇಮ್’ ಮೋಡ್ ಇಟ್ಟು ಅನುಮತಿಸಿದ ಹೆಸರುಗಳನ್ನು ಬರೆಯಿರಿ, ಎರಡೂ ಕಡೆ ಸರ್ಟಿಫಿಕೇಟ್ ಇರಲಿ. ಆ ಸರ್ಟಿಫಿಕೇಟ್‌ನ ಅವಧಿ ಮುಗಿದ ದಿನ ಅಪ್ಲಿಕೇಶನ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಲಾಗ್ ಮಾತ್ರ ನಿಂತಿರುತ್ತದೆ. 30 ದಿನ ಮೊದಲೇ ಎಚ್ಚರಿಸುವ ವ್ಯವಸ್ಥೆ ಮಾಡಿ.

ಸಂದೇಶದ ಒಳಗನ್ನೂ ನೋಡಬೇಕು. ಬಳಕೆದಾರರ ಹೆಸರಿನ ಜಾಗದಲ್ಲಿ ಯಾರೋ ಒಂದು ಹೆಸರು, ಹೊಸಸಾಲು, ಆಮೇಲೆ ‘ಇನ್ಫೋ: ಅಡ್ಮಿನ್ ಲಾಗಿನ್ ಯಶಸ್ವಿ’ ಎಂದು ತುಂಬಿದರು ಎನ್ನಿ. ನೀವು ಅದನ್ನು ಹಾಗೇ ಲಾಗ್ ಮಾಡಿದರೆ ಕೇಂದ್ರ ಸರ್ವರ್‌ನಲ್ಲಿ ಎರಡು ಸಾಲು ಬೀಳುತ್ತವೆ, ಎರಡನೆಯದು ಪೂರಾ ಸುಳ್ಳು. ನಿಯಂತ್ರಣ ಅಕ್ಷರಗಳನ್ನು ಕಳುಹಿಸುವ ಮೊದಲೇ ಎಸ್ಕೇಪ್ ಮಾಡಿ (ಕಾಣುವ ಅಕ್ಷರಗಳಾಗಿ ಬದಲಿಸಿ), ಜೇಸನ್ ಇದನ್ನೂ ನೋಡಿಕೊಳ್ಳುತ್ತದೆ. ಪಾಸ್‌ವರ್ಡ್, ಒಟಿಪಿ, ಟೋಕನ್, ಕಾರ್ಡ್ ಸಂಖ್ಯೆಗಳನ್ನು ಹುಟ್ಟಿದಲ್ಲೇ ಮುಚ್ಚಿ. ಕೇಂದ್ರದಲ್ಲಿ ಅಳಿಸಿದರಾಯಿತು ಎನ್ನುವಂತಿಲ್ಲ, ಅಷ್ಟರಲ್ಲಿ ಡಿಸ್ಕ್ ಕ್ಯೂ, ಬ್ಯಾಕಪ್ ಎಲ್ಲೆಡೆ ಪ್ರತಿ ಉಳಿದಿರುತ್ತದೆ.

ಕೊನೆಗೆ, ಭಾಷೆಯ ಆಬ್ಜೆಕ್ಟ್‌ಗಳನ್ನೇ ನೆಟ್‌ವರ್ಕ್ ಮೇಲೆ ಕಳುಹಿಸುವ ವಿಧಾನ ಬೇಡ. ಪೈಥಾನ್‌ನ ಸಾಕೆಟ್‌ಹ್ಯಾಂಡ್ಲರ್ ಪಿಕಲ್ ರೂಪದಲ್ಲಿ (ಆಬ್ಜೆಕ್ಟನ್ನು ಬೈಟ್‌ಗಳಾಗಿ ಕಟ್ಟುವ ವಿಧಾನ) ಕಳುಹಿಸುತ್ತದೆ. ಪಿಕಲ್ ಬಿಚ್ಚುವಾಗ ಅದರಲ್ಲಿ ಅಡಗಿಸಿಟ್ಟ ಕೋಡ್ ಓಡಬಲ್ಲದು, ಆ ಪೋರ್ಟ್ ಮುಟ್ಟಬಲ್ಲ ಯಾರಾದರೂ ನಿಮ್ಮ ಲಾಗ್ ಸರ್ವರನ್ನು ಹಿಡಿಯಬಹುದು. ಜಾವಾದ ಲಾಗ್ ಲೈಬ್ರರಿ ಲಾಗ್‌ಫೋರ್‌ಜೆ 1.2ರ ಸಾಕೆಟ್‌ಸರ್ವರ್‌ನಲ್ಲೂ ಇದೇ ಬಗೆಯ ದೋಷ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2019-17571 ಎಂದು ದಾಖಲಾಗಿದೆ. ಪಠ್ಯವನ್ನೇ ಕಳುಹಿಸಿ.

ಪ್ರಶ್ನೆ: ಡೀಬಗ್ ಮಟ್ಟ ಆನ್ ಮಾಡಿದ ಕೂಡಲೇ ಲಾಗ್ ಪ್ರವಾಹದಂತೆ ಬಂತು. ಬಳಕೆದಾರರೇ ಇಲ್ಲದ ಪರೀಕ್ಷಾ ಸರ್ವರ್‌ನಲ್ಲೂ ಹೀಗೆ. ನಾವು ಎಚ್‌ಟಿಟಿಪಿ ಮೂಲಕ ಲಾಗ್ ಕಳುಹಿಸುತ್ತೇವೆ.

ಉತ್ತರ: ಎಚ್‌ಟಿಟಿಪಿ ಲೈಬ್ರರಿಯೂ ‘ಸಂಪರ್ಕ ತೆರೆದೆ, ಇಷ್ಟು ಬೈಟ್ ಕಳುಹಿಸಿದೆ’ ಎಂದು ಡೀಬಗ್ ಸಂದೇಶ ಬರೆಯುತ್ತದೆ. ಆ ಸಂದೇಶವೂ ನಿಮ್ಮ ಹ್ಯಾಂಡ್ಲರ್‌ಗೇ ಬಂದು, ಅದನ್ನು ಕಳುಹಿಸಲು ಮತ್ತೊಂದು ಎಚ್‌ಟಿಟಿಪಿ ಕರೆ, ಅದಕ್ಕೆ ಮತ್ತಷ್ಟು ಸಂದೇಶ. ಆ ಲೈಬ್ರರಿಯ ಲಾಗರ್ ಹೆಸರನ್ನು ನೆಟ್‌ವರ್ಕ್ ಹ್ಯಾಂಡ್ಲರ್‌ನಿಂದ ಹೊರಗಿಡಿ, ಇಲ್ಲವೇ ಅದರ ಮಟ್ಟವನ್ನು ವಾರ್ನಿಂಗ್‌ಗೆ ಕಟ್ಟಿಹಾಕಿ. ಕಳುಹಿಸುವ ಭಾಗದ ಸ್ವಂತ ದೂರುಗಳು ಸ್ಥಳೀಯ ಫೈಲ್‌ಗೆ ಮಾತ್ರ ಹೋಗಬೇಕು. ಅಂದ ಹಾಗೆ, ಸಂದೇಶಕ್ಕೊಂದು ಎಚ್‌ಟಿಟಿಪಿ ಕರೆ ಮಾಡಬೇಡಿ. 500 ಸಂದೇಶ ಅಥವಾ 2 ಸೆಕೆಂಡು, ಯಾವುದು ಮೊದಲೋ ಆಗ ಒಟ್ಟಿಗೆ ಕಳುಹಿಸಿ.

ಪ್ರಶ್ನೆ: ರಾತ್ರಿ ಕೆಲಸ ಕಡಿಮೆ ಇರುವ ಸರ್ವರ್‌ನಿಂದ ಬೆಳಿಗ್ಗೆ ಮೊದಲ ಕೆಲವು ನಿಮಿಷದ ಲಾಗ್ ಬರುವುದೇ ಇಲ್ಲ. ಆಮೇಲೆ ತಾನಾಗಿ ಸರಿಯಾಗುತ್ತದೆ. ಎರರ್ ಎಲ್ಲೂ ಇಲ್ಲ.

ಉತ್ತರ: ನಡುವೆ ಫೈರ್‌ವಾಲ್ ಅಥವಾ ನ್ಯಾಟ್ (ವಿಳಾಸ ಬದಲಿಸಿ ಪ್ಯಾಕೆಟ್ ದಾಟಿಸುವ ವ್ಯವಸ್ಥೆ) ಇರಬೇಕು. ಬಹಳ ಹೊತ್ತು ಮಾತಿಲ್ಲದ ಸಂಪರ್ಕವನ್ನು ಅದು ತನ್ನ ಪಟ್ಟಿಯಿಂದ ತೆಗೆದಿರುತ್ತದೆ, ಎರಡೂ ತುದಿಗೆ ತಿಳಿಸದೆ. ಬೆಳಿಗ್ಗೆ ನಿಮ್ಮ ಏಜೆಂಟ್ ಹಳೆಯ ಸಂಪರ್ಕದ ಮೇಲೇ ಬರೆಯುತ್ತದೆ, ಫೈರ್‌ವಾಲ್ ಆ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಹದಿನೈದು ನಿಮಿಷದ ಗಡುವು ಮುಗಿದ ಮೇಲೆ ಹೊಸ ಸಂಪರ್ಕ, ಹೊಸ ಲಾಗ್. ನಡುವಿನದು ಹೋಯಿತು.

ಮೌನವಾಗಿರುವ ಸಂಪರ್ಕವನ್ನು ತಟ್ಟಿ ನೋಡುವ ಟಿಸಿಪಿ ಕೀಪ್‌ಅಲೈವ್ ಇದಕ್ಕೆಂದೇ ಇದೆ, ಆದರೆ ಲಿನಕ್ಸ್‌ನಲ್ಲಿ ಅದು ಮೊದಲ ಬಾರಿ ತಟ್ಟುವುದು 7,200 ಸೆಕೆಂಡಿನ ಬಳಿಕ, ಅದೂ ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ. ಎರಡು ಗಂಟೆ ಬಹಳ ತಡ. ಕೀಪ್‌ಅಲೈವ್ ಆನ್ ಮಾಡಿ, 60 ಸೆಕೆಂಡು ಮೌನವಿದ್ದರೆ ಮೊದಲ ತಟ್ಟು, ಬಳಿಕ 10 ಸೆಕೆಂಡಿಗೊಮ್ಮೆ, 6 ಸಲ ಉತ್ತರವಿಲ್ಲದಿದ್ದರೆ ಸಂಪರ್ಕ ಮುರಿ ಎಂದಿಡಿ. ಬರೆದ ಡೇಟಾಗೆ ಸ್ವೀಕೃತಿ ಬಾರದಿದ್ದಾಗ ಕಾಯುವ ಗಡುವನ್ನು ‘ಟಿಸಿಪಿ ಯೂಸರ್ ಟೈಮ್‌ಔಟ್’ ಎಂಬ ಸಾಕೆಟ್ ಆಯ್ಕೆಯಿಂದ 30 ಸೆಕೆಂಡಿಗೆ ಇಳಿಸಬಹುದು.

ಅದರ ಜೊತೆಗೆ ಪ್ರತಿ ಸರ್ವರ್‌ನಿಂದಲೂ ನಿಮಿಷಕ್ಕೊಂದು ‘ಬದುಕಿದ್ದೇನೆ’ ಸಂದೇಶ ಹೋಗಲಿ, ಒಳಗೆ ಒಂದೊಂದಾಗಿ ಏರುವ ಸಂಖ್ಯೆ ಇರಲಿ. ಅಪ್ಲಿಕೇಶನ್ ಬಳಸುವ ದಾರಿಯಲ್ಲೇ ಅದೂ ಹೋಗಬೇಕು, ಬೇರೆ ಸಂಪರ್ಕದಲ್ಲಿ ಹೋದರೆ ಏನನ್ನೂ ಸಾಬೀತು ಮಾಡದು. ಕೇಂದ್ರದಲ್ಲಿ ಮೂರು ನಿಮಿಷ ಆ ಸಂದೇಶ ಕಾಣದಿದ್ದರೆ ಎಚ್ಚರಿಕೆ, ಸಂಖ್ಯೆಯಲ್ಲಿ ಜಿಗಿತ ಕಂಡರೆ ಅಷ್ಟು ನಿಮಿಷದ ನಷ್ಟ.

ಸೆಟ್ಟಿಂಗ್ ಬದಲಿಸಿದ ಮೇಲೆ ಹೀಗೆ ಪರೀಕ್ಷಿಸಿ. ‘ಲಾಗರ್’ ಕಮಾಂಡಿನಿಂದ ಸ್ಥಳೀಯ ಸಿಸ್‌ಲಾಗ್‌ಗೆ ಒಂದು ಸಂದೇಶ ಹಾಕಿ, ಕೇಂದ್ರದಲ್ಲಿ ಬಂದದ್ದನ್ನು ಖಚಿತಪಡಿಸಿಕೊಳ್ಳಿ. ಕಳುಹಿಸುವ ಯಂತ್ರದ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಫೈರ್‌ವಾಲ್) ಲಾಗ್ ಪೋರ್ಟ್‌ಗೆ ಹೊರಹೋಗುವ ಪ್ಯಾಕೆಟ್‌ಗಳನ್ನು ‘ಡ್ರಾಪ್’ ಮಾಡುವ ನಿಯಮ ಸೇರಿಸಿ. ‘ರಿಜೆಕ್ಟ್’ ಬೇಡ, ಅದು ತಕ್ಷಣ ಎರರ್ ಕೊಟ್ಟು ನಿಜವಾದ ಸ್ಥಿತಿಯನ್ನು ಮರೆಮಾಚುತ್ತದೆ. ಈಗ ಸಂಖ್ಯೆ ಹಾಕಿದ ಸಾವಿರ ಸಂದೇಶ ಕಳುಹಿಸಿ, ಐದು ನಿಮಿಷ ಕಾದು ನಿಯಮ ತೆಗೆಯಿರಿ. ಕೇಂದ್ರದಲ್ಲಿ 1ರಿಂದ 1,000ದವರೆಗೆ ಎಷ್ಟು ಬಂದಿವೆ, ಯಾವುದು ಎರಡು ಸಲ ಬಂದಿದೆ ಎಂದು ಎಣಿಸಿ. ಮೊದಲ ಕೆಲವು ಸಂಖ್ಯೆಗಳೇ ಇಲ್ಲದಿದ್ದರೆ ಅವು ಹಳೆಯ ಸಂಪರ್ಕದ ಬಫರ್‌ನಲ್ಲಿ ಹೋದವು, ರೆಲ್ಪ್‌ಗೆ ಬದಲಿಸಿ. ಕೊನೆಯವು ಇಲ್ಲದಿದ್ದರೆ ಕ್ಯೂನ ಗಾತ್ರ ಮತ್ತು ‘ರಿಸ್ಯೂಮ್ ರಿಟ್ರೈ ಕೌಂಟ್’ ನೋಡಿ.